ಬದಲಿಸಲಾಗದ್ದನ್ನು ಮೊದಲು ನೋಡಿ

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು ಕಾವೇರಿ ದಂಡೆಯ ಊರು. ಅಲ್ಲಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರಿದ್ದಾನೆ. ಹದಿನೆಂಟು ತುಂಬಿದೆ. ಮೈಸೂರಿನ ಹಾಸ್ಟೆಲ್‌ಗೆ ಹೊರಡುವ ಮುನ್ನ ಅವನಿಗೆ ಲ್ಯಾಪ್‌ಟಾಪ್ ಬೇಕು. ಅದೂ ಅಂತಿಂಥದ್ದಲ್ಲ, ‘ಗೇಮಿಂಗ್ ಲ್ಯಾಪ್‌ಟಾಪ್’.

“ಆಟ ಆಡೋಕೆ ಒಂದು ಲಕ್ಷ ಸುರೀಬೇಕೇನ್ಲಾ?” ಎಂದು ತಂದೆ ಕೇಳುತ್ತಾರೆ.

“ಓದೋಕೂ ಆಯ್ತದೆ, ಆಡೋಕೂ ಆಯ್ತದೆ ಕಣಪ್ಪ” ಎನ್ನುತ್ತಾನೆ ಮಗ.

ಇಬ್ಬರ ಮಾತಿನಲ್ಲೂ ಹುರುಳಿದೆ. ಜಗಳ ಬಗೆಹರಿಯದಿರುವುದಕ್ಕೆ ಕಾರಣ ಬೇರೆ: ಯಾವ ಆಟ ಎಂಬುದನ್ನು ತಂದೆ ಕೇಳಿಲ್ಲ, ಮಗ ಹೇಳಿಲ್ಲ. ಎಮ್ಮೆಯನ್ನು ನೀರಿನಲ್ಲಿ ಬಿಟ್ಟು ದಡದಲ್ಲಿ ನಿಂತು ವ್ಯಾಪಾರ ಮಾಡಿದಂತೆ, ಇಬ್ಬರೂ ಕಾಣದ ವಸ್ತುವಿನ ಬೆಲೆ ಚರ್ಚಿಸುತ್ತಿದ್ದಾರೆ.

ಆಟದ ಹೆಸರು ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂದಿಟ್ಟುಕೊಳ್ಳಿ. 2018ರಲ್ಲಿ ಬಂದು, 2019ರ ನವೆಂಬರ್‌ನಲ್ಲಿ ಕಂಪ್ಯೂಟರಿಗೂ ಇಳಿದ ಈ ಗೇಮ್ ಇಂದಿಗೂ ಯಂತ್ರದ ಬೆವರಿಳಿಸುವ ಜಾತಿಯದು. ಹಿಮ, ಕಾಡು, ಕುದುರೆ, ಮಳೆ ಎಲ್ಲವನ್ನೂ ಅದು ಆ ಕ್ಷಣದಲ್ಲೇ ಲೆಕ್ಕ ಹಾಕಿ ತೆರೆಯ ಮೇಲೆ ಬಿಡಿಸಬೇಕು. ಅದನ್ನು ತಯಾರಿಸಿದ ರಾಕ್‌ಸ್ಟಾರ್ ಕಂಪನಿಯ ಸ್ಟುಡಿಯೋಗಳಲ್ಲಿ ಬೆಂಗಳೂರಿನದೂ ಒಂದು. ಬೆಂಗಳೂರಿನಲ್ಲಿ 1997ರಲ್ಲೇ ಗೇಮ್ ತಯಾರಿಕೆಗೆ ಇಳಿದಿದ್ದ ಧ್ರುವ ಇಂಟರ್ಯಾಕ್ಟಿವ್ ಕಂಪನಿಯನ್ನೂ 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಹಾಗಾಗಿ ‘ಗೇಮ್’ ಎಂಬ ಮಾತು ಕೇಳಿದೊಡನೆ ತಂದೆ ತಾಯಿ ಹಣೆ ಚಚ್ಚಿಕೊಳ್ಳಬೇಕಿಲ್ಲ. ಅದು ಹಣ ಕಟ್ಟಿ ಆಡುವ ಆಟವೂ ಅಲ್ಲ. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಇದು ಒಮ್ಮೆ ಕೊಂಡು ಆಡುವ ಕಥೆಯ ಆಟ.

ಆದರೆ ಒಂದು ಎಚ್ಚರಿಕೆ. ರಕ್ತಪಾತ ಇರುವ ಈ ಆಟಕ್ಕೆ ಅಮೆರಿಕದಲ್ಲಿ 17 ವರ್ಷ, ಯುರೋಪಿನಲ್ಲಿ 18 ವರ್ಷ ಎಂಬ ವಯೋಮಿತಿಯ ಗುರುತಿದೆ. ಅಣ್ಣನ ಲ್ಯಾಪ್‌ಟಾಪ್ ರಜೆಯಲ್ಲಿ ಮನೆಗೆ ಬಂದಾಗ ಏಳನೇ ತರಗತಿಯ ತಮ್ಮನ ಕೈಗೆ ಈ ಆಟ ಹೋಗಬಾರದು.

ಇನ್ನು ಯಂತ್ರದ ಮಾತು. ಪ್ರತಿಯೊಂದು ದೊಡ್ಡ ಗೇಮ್ ಕೂಡ ತನಗೇನು ಬೇಕೆಂದು ಎರಡು ಪಟ್ಟಿ ಕೊಡುತ್ತದೆ: ಕನಿಷ್ಠ ಅಗತ್ಯ, ಶಿಫಾರಸು ಮಾಡಿದ ಅಗತ್ಯ. ಕನಿಷ್ಠವೆಂದರೆ ಆಟ ಓಡುತ್ತದೆ ಅಷ್ಟೇ. ಚೆನ್ನಾಗಿ ಆಡಬೇಕಾದರೆ ಎರಡನೆಯ ಪಟ್ಟಿಯನ್ನೇ ನೋಡಬೇಕು. ಈ ಗೇಮ್‌ನ ಎರಡನೆಯ ಪಟ್ಟಿ ಕೇಳುವುದು 12 ಜಿ.ಬಿ. ರ್‍ಯಾಮ್, 6 ಜಿ.ಬಿ. ಸ್ಮರಣೆಯುಳ್ಳ ಜಿಟಿಎಕ್ಸ್ 1060 ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಮತ್ತು 150 ಜಿ.ಬಿ. ಜಾಗ. ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಯ ಮೆಟ್ಟಿಲು ಹತ್ತುವುದು ಒಳ್ಳೆಯದು.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣ ಬದಲಿಸುವ ಕೀಬೋರ್ಡ್, ‘ಐ7’ ಎಂಬ ಚೀಟಿ, 16 ಜಿ.ಬಿ. ಎಂಬ ದೊಡ್ಡ ಅಕ್ಷರ. ಇಲ್ಲಿ ಒಂದು ಸರಳ ಸೂತ್ರ ನೆನಪಿಡಿ: ಆಮೇಲೆ ಬದಲಿಸಲಾಗದ್ದನ್ನು ಮೊದಲು ನೋಡಿ. ರ್‍ಯಾಮ್ ಕಡಿಮೆಯಾದರೆ ಬಹುತೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಮುಂದೆ ಸೇರಿಸಬಹುದು. ಎಸ್‌ಎಸ್‌ಡಿ ಚಿಕ್ಕದಾದರೆ ದೊಡ್ಡದು ಹಾಕಿಸಬಹುದು. ಆದರೆ ಗ್ರಾಫಿಕ್ಸ್ ಚಿಪ್ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಮೊದಲ ದಿನ ಬಂದದ್ದೇ ಕೊನೆಯ ದಿನದವರೆಗೂ. ಆದ್ದರಿಂದ ಹಣವನ್ನು ಮೊದಲು ಅಲ್ಲಿಗೆ ಸುರಿಯಬೇಕು, ಉಳಿದದ್ದು ಉಳಿದವಕ್ಕೆ.

ಚಿಪ್‌ನ ಹೆಸರು ಓದುವುದು ಕಷ್ಟವೇನಲ್ಲ. ‘ಆರ್‌ಟಿಎಕ್ಸ್ 4060’ ಎಂಬುದರಲ್ಲಿ ಮೊದಲ ಎರಡು ಅಂಕಿ ಪೀಳಿಗೆ, ಕೊನೆಯ ಎರಡು ದರ್ಜೆ. 3050 ಎಂಬುದು 1060ಕ್ಕಿಂತ ಹೊಸದು ನಿಜ. ಆದರೆ ಲ್ಯಾಪ್‌ಟಾಪ್‌ಗಳಲ್ಲಿ ಬಂದ ಅದರ ಒಂದು ರೂಪಕ್ಕೆ ಸ್ಮರಣೆ ಕೇವಲ 4 ಜಿ.ಬಿ. ಗೇಮ್ ಕೇಳಿದ್ದು 6. 4050ಕ್ಕೆ 6 ಜಿ.ಬಿ., 4060ಕ್ಕೆ 8 ಜಿ.ಬಿ. ಇದೆ. ಹೊಸ ಪೀಳಿಗೆಯ ಚಿಪ್ ತೋರಿಸಿದರೂ ಇದೇ ಎರಡು ಪ್ರಶ್ನೆ ಕೇಳಿ: ದರ್ಜೆ ಯಾವುದು, ಸ್ಮರಣೆ ಎಷ್ಟು?

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಅದನ್ನು ಕೇಳುವವರು ಕಡಿಮೆ: ಎಷ್ಟು ವ್ಯಾಟ್? 4060 ಎಂಬ ಒಂದೇ ಹೆಸರಿನ ಚಿಪ್ಪನ್ನು ಲ್ಯಾಪ್‌ಟಾಪ್ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ತಮಗೆ ಬೇಕಾದಂತೆ ಓಡಿಸಬಹುದು. ತೆಳ್ಳಗಿನ ಮೈಯ ಲ್ಯಾಪ್‌ಟಾಪ್ ಬಿಸಿಯನ್ನು ಹೊರಹಾಕಲಾರದು. ಅದಕ್ಕೇ ವ್ಯಾಟ್ ತಗ್ಗಿಸುತ್ತಾರೆ. ಒಂದೇ ಅಶ್ವಶಕ್ತಿಯ ಪಂಪ್‌ಸೆಟ್ ಆದರೂ ವೋಲ್ಟೇಜ್ ಇಳಿದಾಗ ನೀರು ಹೇಗೆ ಬರುತ್ತದೆಂದು ನದಿ ದಂಡೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಇದೂ ಹಾಗೆಯೇ. ಹೆಚ್ಚು ವ್ಯಾಟ್‌ನ 4050 ಕೆಲವೊಮ್ಮೆ ಕಡಿಮೆ ವ್ಯಾಟ್‌ನ 4060ನ್ನು ಹಿಂದೆ ಹಾಕೀತು. ಈ ಅಂಕಿ ಡಬ್ಬದ ಮೇಲೆ ಇರದಿದ್ದರೆ ಕಂಪನಿಯ ವಿವರಪತ್ರದಲ್ಲಿ ಹುಡುಕಿಸಿ. ಅಂಗಡಿಯವರು ಹುಡುಕಿ ಕೊಡುವವರೆಗೆ ಮುಂಗಡ ಕೊಡುವ ಅವಸರ ಬೇಡ.

ಎಲ್ಲಿ ಉಳಿಸಬಹುದು? ತೆರೆಯಲ್ಲಿ. 144 ಹರ್ಟ್ಸ್ ಎಂದರೆ ಆ ತೆರೆ ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲದು ಎಂದರ್ಥ. ಚಿಪ್ ಅಷ್ಟು ಚಿತ್ರ ಬಿಡಿಸಿದರೆ ತಾನೆ? ಕಥೆಯ ಆಟಕ್ಕೆ ಸೆಕೆಂಡಿಗೆ 60 ಚಿತ್ರ ಧಾರಾಳ ಸಾಕು. ಬಣ್ಣದ ದೀಪಗಳಿಂದ ಆಟದ ವೇಗ ಒಂದು ಚೂರೂ ಹೆಚ್ಚದು. ರ್‍ಯಾಮ್ ಮಾತ್ರ 16 ಜಿ.ಬಿ.ಯ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿಗಳಿದ್ದರೆ ವೇಗ ಚೆನ್ನ.

ಇಷ್ಟಾದ ಮೇಲೂ ಊರಿನ ಲೆಕ್ಕ ಬಾಕಿ. 150 ಜಿ.ಬಿ. ಗೇಮನ್ನು ದಿನಕ್ಕೆ 2 ಜಿ.ಬಿ. ಕೊಡುವ ಮೊಬೈಲ್ ಪ್ಯಾಕ್‌ನಲ್ಲಿ ಇಳಿಸಿದರೆ 75 ದಿನ ಬೇಕು. ಅಷ್ಟರಲ್ಲಿ ಸೆಮಿಸ್ಟರಿನ ಅರ್ಧ ಮುಗಿದಿರುತ್ತದೆ. ಸೆಕೆಂಡಿಗೆ 40 ಮೆಗಾಬಿಟ್ ವೇಗದ ಬ್ರಾಡ್‌ಬ್ಯಾಂಡ್ ಆದರೆ ಸುಮಾರು ಎಂಟೂವರೆ ಗಂಟೆ. 512 ಜಿ.ಬಿ. ಎಸ್‌ಎಸ್‌ಡಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜಾಗ ಈ ಒಂದೇ ಆಟಕ್ಕೆ ಹೋಗುತ್ತದೆ. ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡೀತು, ಆದರೆ ಚಿಪ್‌ನ ವ್ಯಾಟ್ ಕುಸಿದು ಆಟ ಮುಗ್ಗರಿಸುತ್ತದೆ. ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚಿ ಬಿಸಿ ಏರುತ್ತದೆ. ರಿಪೇರಿ ಕೇಂದ್ರ ಕೊಳ್ಳೇಗಾಲದಲ್ಲಿದೆಯೇ, ಮೈಸೂರಿಗೇ ಹೋಗಬೇಕೇ ಎಂಬುದನ್ನು ಬಿಲ್ ಹಾಕಿಸುವ ಮೊದಲೇ ಕೇಳಿಟ್ಟುಕೊಳ್ಳಿ.

ಕೊಂಡ ಮೇಲೆ ಪರೀಕ್ಷೆ ಹೇಗೆ? ಈ ಗೇಮ್‌ನ ಒಳಗೇ ಯಂತ್ರದ ಶಕ್ತಿ ಅಳೆಯುವ ‘ಬೆಂಚ್‌ಮಾರ್ಕ್’ ಇದೆ. ಸ್ಟೀಮ್ ಎಂಬ ಮಳಿಗೆಯಲ್ಲಿ ಕೊಂಡರೆ, 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು ಕೇಳಬಹುದು. ಗೇಮ್ ಹಿಂದಿರುಗಿಸುವುದು ಹೀಗೆ ಸುಲಭ. ಒಮ್ಮೆ ತೆರೆದ ಲ್ಯಾಪ್‌ಟಾಪ್ ಹಾಗಲ್ಲ.

ಇನ್ನು ತಂದೆಯ ಪ್ರಶ್ನೆ. ಓದಿಗೆ ಇದು ಬೇಕೇ? ಬರೀ ಟಿಪ್ಪಣಿ, ಪ್ರಾಜೆಕ್ಟ್ ವರದಿ, ಪ್ರೋಗ್ರಾಮಿಂಗ್‌ಗಾದರೆ ಬೇಡ. ಅರ್ಧ ಬೆಲೆಯ ಯಂತ್ರ ಸಾಕು. ಅದು ಹಗುರ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಮೂರು ಆಯಾಮದ ವಿನ್ಯಾಸ, ಅನಿಮೇಷನ್, ಗೇಮ್ ತಯಾರಿಕೆ ಕಲಿಯುವ ಮನಸ್ಸಿದ್ದರೆ ಮಾತ್ರ ಇದೇ ಚಿಪ್ ಓದಿಗೂ ಕೆಲಸ ಮಾಡುತ್ತದೆ. ಬ್ಲೆಂಡರ್ ಎಂಬ ಪುಕ್ಕಟೆ ತಂತ್ರಾಂಶ ಇದಕ್ಕೆ ಒಳ್ಳೆಯ ಒರೆಗಲ್ಲು. ಕಾಲೇಜಿನ ಕಂಪ್ಯೂಟರಿನಲ್ಲಿ ಒಂದೆರಡು ತಿಂಗಳು ಅದನ್ನು ಕಲಿತು, ಒಂದು ಮರವನ್ನೋ ಕುದುರೆಯನ್ನೋ ತಾನೇ ಬಿಡಿಸಿ ಮಗ ತೋರಿಸಲಿ. ಆಡುವ ಆಸೆ ಎಷ್ಟು, ಕಲಿಯುವ ಆಸೆ ಎಷ್ಟು ಎಂಬುದು ಅವನಿಗೇ ಗೊತ್ತಾಗುತ್ತದೆ. ಮನೆಯಿಂದಲೇ ಕಾಲೇಜಿಗೆ ಓಡಾಡುವವರಾದರೆ ಡೆಸ್ಕ್‌ಟಾಪ್ ಕೂಡ ನೋಡಬಹುದು. ಅದರಲ್ಲಿ ಗ್ರಾಫಿಕ್ಸ್ ಕಾರ್ಡನ್ನೂ ಮುಂದೆ ಬದಲಿಸಬಹುದು.

ಮುಳ್ಳೂರಿನ ಆ ಮನೆಯಲ್ಲಿ ಈಗ ಚೀಟಿಯ ಮೇಲೆ ನಾಲ್ಕು ಸಾಲು ಇರಬೇಕು: ಆಟದ ಹೆಸರು, ಚಿಪ್‌ನ ದರ್ಜೆ, ಅದರ ಸ್ಮರಣೆ, ವ್ಯಾಟ್. ಐದನೆಯ ಸಾಲನ್ನು ತಂದೆಯೇ ಬರೆಯಲಿ: ಮನೆಗೆ ಹೊರೆಯಾಗದ ಮೊತ್ತ. ನಾಲ್ಕು ಸಾಲು ಐದನೆಯದಕ್ಕೆ ಹೊಂದದಿದ್ದರೆ ಇಳಿಸಬೇಕಾದದ್ದು ಆಟದ ಚಿತ್ರದ ಗುಣಮಟ್ಟವನ್ನು. ಅದಕ್ಕೆ ಗೇಮ್‌ನಲ್ಲೇ ಸೆಟಿಂಗ್ಸ್ ಇದೆ. ತಂದೆ ಮಾಡಿದ ಸಾಲಕ್ಕೆ ಅಂಥ ಗುಂಡಿ ಇರುವುದಿಲ್ಲ.