ಸೋತಾವ ಏಳಬೇಕು, ಅದು ಅಂಗಡಿ ನ್ಯಾಯ

ನಲವತ್ತೈದು ದಾಟಿದ ಗಂಡಸರ ಮುಂದ ‘ಸ್ಟ್ರೀಟ್ ಫೈಟರ್’ ಅಂತ ಒಂದ್ಸಲ ಅಂದು ನೋಡ್ರಿ. ಬಿಪಿ, ಶುಗರ್, ಮನಿ ಸಾಲ ಎಲ್ಲಾ ಮರತು ಎರಡೂ ಕೈ ಮುಂದ ಚಾಚಿ ‘ಹಡೋಕೆನ್’ ಅಂತ ಒದರ್ತಾರ. ನನ್ನ ತಮ್ಮ ಅಂತೂ ಊಟಕ್ಕ ಕೂತಾಗೂ ಬಿಡಂಗಿಲ್ಲ. “ಅಕ್ಕಾ, ಆ ದಿನಾ ಮತ್ತ ಬರಂಗಿಲ್ಲ ಬಿಡು” ಅಂತಾನ. ಹಳೇ ದಿನಾ ನೆನಸೋದು ತಪ್ಪಲ್ಲ. ಆದ್ರ ಅಕ್ಕಿ ಹಸನ ಮಾಡಿದಂಗ ಅದನ್ನೂ ಸ್ವಲ್ಪ ಹಸನ ಮಾಡಬೇಕು. ಕಾಳು ಇಟ್ಕೋಬೇಕು, ಹಳ್ಳು ಬಿಸಾಕಬೇಕು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಾಗ ‘ಸ್ಟ್ರೀಟ್ ಫೈಟರ್ 2’ ಅನ್ನೋ ಆಟ ತಂತು. ಕಪಾಟಿನಂಥಾ ಪೆಟ್ಟಿಗಿ, ಅದಕ್ಕೊಂದು ಪರದೆ. ಇಬ್ಬರಿಗೂ ಒಂದೊಂದು ಜಾಯ್‌ಸ್ಟಿಕ್, ಆರಾರು ಗುಂಡಿ. ಮೂರು ಗುದ್ದಲಿಕ್ಕೆ, ಮೂರು ಒದೀಲಿಕ್ಕೆ. ಎಂಟು ಮಂದಿಯೊಳಗ ಒಬ್ಬರನ್ನ ಆರಿಸ್ಕೊಂಡು ಕಾದಾಡಬೇಕು. ಜಪಾನಿನ ರ್‍ಯೂ, ಅಮೆರಿಕಾದ ಕೆನ್, ಚೀನಾದ ಚುನ್‌ಲೀ ಹಿಂಗ. ನಮ್ಮ ದೇಶದವನೂ ಒಬ್ಬ ಇದ್ದಾನ, ಧಾಲ್ಸಿಮ್ ಅಂತ. ಕೊರಳಾಗ ತಲಿಬುರುಡಿ ಸರ, ರಬ್ಬರಿನಂಗ ಉದ್ದ ಆಗೋ ಕೈಕಾಲು, ಹಿಂದ ಆನಿ ಸಾಲು. ‘ಯೋಗಾ ಫೈರ್’ ಅಂತ ಬಾಯಿಂದ ಬೆಂಕಿ ಉಗುಳ್ತಾನ. ಮೊಣಕಾಲ ನೋವಿಗೆ ಯೋಗದ ಕ್ಲಾಸಿಗೆ ಹೋಗೋ ನನಗ ಅದನ್ನ ನೋಡಿ ನಗು ತಡಕೊಳ್ಳಿಕ್ಕೆ ಆಗಲಿಲ್ಲ.

ಈಗ ಕಾಳು ಯಾವುದು ಹೇಳ್ತೀನಿ. ಆ ಆಟದಾಗ ಗುರು ಇರಲಿಲ್ಲ, ಪುಸ್ತಕ ನೋಡಿ ಕಲಿತವರು ಕಡಿಮಿ. ಜಾಯ್‌ಸ್ಟಿಕ್ ಕೆಳಗ, ಓರಿ, ಮುಂದ ತಿರುಗಿಸಿ ಗುದ್ದಿನ ಗುಂಡಿ ಒತ್ತಿದ್ರ ರ್‍ಯೂ ಕೈಯಿಂದ ಬೆಂಕಿ ಉಂಡಿ ಹಾರ್ತದ ಅನ್ನೋದನ್ನ ಪಕ್ಕದಾಗ ನಿಂತಾವನ ಕೈ ನೋಡೇ ಕಲೀಬೇಕಿತ್ತು. ಒಂದರ ಮ್ಯಾಲ ಒಂದು ಏಟು ಜೋಡಿಸಿ ಹೊಡಿಯೋ ‘ಕಾಂಬೊ’ ಅಂತೂ ಮಾಡಿದವರು ಬೇಕಂತ ಇಟ್ಟದ್ದೇ ಅಲ್ಲ. ಕಾರು ಒಡೆಯೋ ಹಂತ ಪರೀಕ್ಷೆ ಮಾಡೋ ಮುಂದ ಅದು ಕಣ್ಣಿಗೆ ಬಿತ್ತಂತ. ಇಷ್ಟು ಕಷ್ಟದ್ದು ಯಾರಿಗೂ ಬರಂಗಿಲ್ಲ ಅಂತ ಹಂಗೇ ಬಿಟ್ಟರು. ಹುಡುಗೂರು ಬಿಡ್ತಾರೇನು? ಹುಡುಕಿ ತಗದು, ಒಬ್ಬರಿಗೊಬ್ಬರು ತೋರಿಸಿ, ಅದನ್ನೇ ದೊಡ್ಡ ವಿದ್ಯಾ ಮಾಡಿದ್ರು. ಇವತ್ತಿನ ಇಂಥಾ ಆಟಗಳೆಲ್ಲಾ ಅದರ ಮ್ಯಾಲೇ ನಿಂತಾವ.

ಇನ್ನೊಂದು ಕಾಳು ಪಾಳಿ ನ್ಯಾಯ. ಗೆದ್ದಾವ ಉಳೀತಾನ, ಸೋತಾವ ಸರದು ಮುಂದಿನವಗ ಜಾಗಾ ಬಿಡ್ತಾನ. ಅಮೆರಿಕಾದಾಗ ಪರದೆ ಕೆಳಗ ಒಂದು ನಾಣ್ಯ ಇಟ್ಟು ನಿಂತ್ರ ‘ಮುಂದಿನ ಪಾಳಿ ನಂದು’ ಅಂತ ಅರ್ಥ. ಚೀಟಿ ಇಲ್ಲ, ಜಗಳ ಇಲ್ಲ. ಎಂಥಾ ಶ್ರೀಮಂತನ ಮಗ ಆದ್ರೂ ಸೋತ ಮ್ಯಾಲ ಏಳಲೇಬೇಕು.

ಹಳ್ಳು ಯಾವುದಂದ್ರ, ಆ ಪಾಳಿಯೊಳಗ ಹುಡುಗ್ಯಾರು ಇರಲಿಲ್ಲ. ಪೆಟ್ಟಿಗಿ ಒಳಗ ಚುನ್‌ಲೀ ಇದ್ಲು, ಅಪ್ಪನ್ನ ಕೊಂದವರ ಸೇಡು ತೀರಿಸ್ಕೊಳ್ಳಿಕ್ಕೆ ಹೊರಟ ಗಟ್ಟಿ ಹೆಣ್ಣು. ಪೆಟ್ಟಿಗಿ ಹೊರಗ ನಮ್ಮೂರಾಗ ಒಬ್ಬಾಕಿನೂ ಇಲ್ಲ. ನಾ ತವರಮನಿಗೆ ಬಂದಾಗ, ಕತ್ತಲಾದ್ರ “ಹೋಗಿ ಅವನ್ನ ಕರಕೊಂಡ ಬಾ” ಅಂತ ಅವ್ವ ಕಳಸ್ತಿದ್ಲು. ವಿಡಿಯೋ ಗೇಮ್ ಅಂಗಡಿಗೆ ಒಂದು ಪಡದೆ ಇಳಿಬಿಟ್ಟಿರ್ತಿದ್ರು. ನಾ ರಸ್ತೆ ಆಚೆಕಡಿ ನಿಂತೇ ಕೂಗ್ತಿದ್ದೆ. ಹೆಣ್ಣುಮಕ್ಕಳು ಬರಬಾರದು ಅಂತ ಯಾರೂ ಬೋರ್ಡ್ ಹಾಕಿರಲಿಲ್ಲ. ಹಾಕೋ ಜರೂರತ್ತೂ ಇರಲಿಲ್ಲ.

ಈಗ ಆ ಪಡದೆ ಎಲ್ಲದ? ಆಟ ಮನಿ ಒಳಗೇ ಬಂದದ. 2018ರಾಗ ಹಳೇ ಸ್ಟ್ರೀಟ್ ಫೈಟರ್ ಆಟಗಳನ್ನ ಒಟ್ಟುಗೂಡಿಸಿ ಕಂಪನಿಯವರೇ ಮತ್ತ ಮಾರಿದ್ರು. ತಮ್ಮ ಅದನ್ನ ಟಿವಿಗೆ ಹಚ್ಚಿದಾನ. ಎರಡು ಕಂಟ್ರೋಲರ್. ಒಂದು ಅವಂದು, ಒಂದು ಮಗಂದು. ಮಗಳು ಸೋಫಾದ ಹಿಂದ ನಿಂತು ಚುರುಮರಿ ತಾಟು ಹಿಡಕೊಂಡು ನೋಡ್ತಾಳ. ಕೇಳಿದ್ರ “ಅಕಿಗೆ ಅದೆಲ್ಲಾ ಸೇರಂಗಿಲ್ಲ ಅಕ್ಕಾ” ಅಂತಾನ. ಅಕಿ ನನಗ ಅಡಿಗಿ ಮನ್ಯಾಗ ಹೇಳಿದ್ದೇ ಬ್ಯಾರೆ: “ಚುನ್‌ಲೀ ಒದಿಯೋದು ನನಗ ಗೊತ್ತದ ಅತ್ಯಾ. ಒದಿಯೋ ಗುಂಡಿ ಪಟಪಟ ಒತ್ತಿದ್ರ ಆತು. ಆದ್ರ ಯಾರೂ ಕೊಡಂಗಿಲ್ಲಲಾ.”

ನನ್ನ ತಮ್ಮ ಕೆಟ್ಟಾವ ಅಲ್ಲ. ಮಗಳ ಫೀ, ಟ್ಯೂಷನ್, ಡ್ರೆಸ್ ಒಂದಕ್ಕೂ ಕಡಿಮಿ ಮಾಡಿಲ್ಲ. ಆದ್ರ ತನಗ ಜೀವದಷ್ಟು ಪ್ರೀತಿ ಇರೋದನ್ನ ಮಗಗ ಕೊಟ್ಟು ಮಗಳಿಗೆ ಕೊಡದಿದ್ರ ಅದೂ ಒಂದು ಪಂಕ್ತಿಭೇದನೇ. ಅದು ಅಕಿಗೆ ತಿಳೀತದ, ಬಾಯಿಬಿಟ್ಟು ಹೇಳಂಗಿಲ್ಲ ಅಷ್ಟೇ.

ಹೊಡದಾಟದ ಆಟ ಹೆಣ್ಣುಮಕ್ಕಳಿಗೆ ಯಾಕ ಅಂತ ಕೇಳೋರು ಇದ್ದಾರ. ಮಗಗ ಕೇಡಲ್ಲದ್ದು ಮಗಳಿಗೆ ಹೆಂಗ ಕೇಡು? ಓದು ಹಾಳಾಗ್ತದ ಅಂದ್ರ ಅದು ಇಬ್ಬರಿಗೂ ಹಾಳೇ. ಒಂದು ಸುತ್ತಿಗೆ 99 ಎಣಿಕಿ, ಮೂರರಾಗ ಎರಡು ಗೆದ್ದಾವ ಗೆದ್ದ. ಕುಕ್ಕರಿನ ಸೀಟಿ ಆಗೋದ್ರಾಗ ಒಂದು ಪಾಳಿ ಮುಗೀತದ.

ಅದಕ್ಕ ತಮ್ಮಂದಿರಾ, ಹಳೇ ಆಟ ಮನಿಗೆ ತಂದೀರಿ, ಛಲೋ ಆತು. ಅದರ ಜೋಡಿ ಹಳೇ ನ್ಯಾಯನೂ ತರ್ರಿ. ಸೋತಾವ ಎದ್ದು ಮುಂದಿನವರಿಗೆ ಕೊಡಬೇಕು, ಮುಂದಿನಾಕಿ ಮಗಳಾದ್ರೂ. ಆಮ್ಯಾಲ ಆ ಚುರುಮರಿ ತಾಟು ಸೋತಾವನೇ ಹಿಡಕೊಂಡು ನಿಲ್ಲಲಿ.