ನುಡಿಗಟ್ಟಿನ ಹೊಣೆ

ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಯು ಬಿಡಿ ಪದಗಳ ಅರ್ಥವನ್ನು ನಿಘಂಟಿನಿಂದ ತಿಳಿಯಬಹುದು. ನುಡಿಗಟ್ಟಿನ ಅರ್ಥವನ್ನಾದರೋ ಸಂದರ್ಭದಿಂದಲೇ ಅರಿಯಬೇಕು. ಕೆಡುಕು ಹೆಚ್ಚುತ್ತಿರುವುದನ್ನು ಹೇಳಲು ಆ ಭಾಷೆಯಲ್ಲಿ ಹಲವು ನುಡಿಗಟ್ಟುಗಳುಂಟು. ಅವೆಲ್ಲವೂ ಒಂದೇ ಎಂದು ಬಗೆದು, ಒಂದರ ಸ್ಥಾನದಲ್ಲಿ ಮತ್ತೊಂದನ್ನು ಬಳಸುವುದು ಸಾಮಾನ್ಯವಾಗಿದೆ. ಇದು ಭಾಷೆಯ ದೋಷ ಮಾತ್ರವಲ್ಲ, ವಿಚಾರದ ದೋಷವೂ ಹೌದು.

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ನಗರದ ಕೊಳಚೆ ನೀರು ಹಲವು ವರ್ಷಗಳ ಕಾಲ ಶುದ್ಧಿಯಾಗದೆ ಈ ಕೆರೆಯನ್ನು ಸೇರಿತು. ನೀರಿನ ಮೇಲೆ ಎದ್ದ ನೊರೆಯು ರಸ್ತೆಗೂ ಹಾರಿತು. 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿತು. 2017 ಮತ್ತು 2018ರಲ್ಲಿಯೂ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಮೊದಲು ನೊರೆ, ಅನಂತರ ಬೆಂಕಿ. ಇದನ್ನು ‘ಫ್ರಂ ಬ್ಯಾಡ್ ಟು ವರ್ಸ್’ ಎಂದರೆ ತಪ್ಪಿಲ್ಲ. ಕೆಟ್ಟದ್ದು ಇನ್ನಷ್ಟು ಕೆಟ್ಟಿತೆಂಬುದಷ್ಟೇ ಅದರ ಅರ್ಥ. ಕೆಡಿಸಿದವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಹೀಗೆ ಕೆಟ್ಟ ಕೆರೆಗೆ ಕಸವನ್ನೂ ಕಟ್ಟಡ ಕೆಡವಿದ ಮಣ್ಣುಕಲ್ಲುಗಳನ್ನೂ ತಂದು ಸುರಿಯುವುದಕ್ಕೆ ‘ಆ್ಯಡಿಂಗ್ ಫ್ಯುಯೆಲ್ ಟು ದಿ ಫೈರ್’ ಎಂಬ ಮಾತು ಒಪ್ಪುತ್ತದೆ. ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಎಂಬ ನಮ್ಮ ಗಾದೆಗೆ ಇದು ಸಮಾನ. ಇಲ್ಲಿ ಬೆಂಕಿಯೊಡನೆ ಸುರಿಯುವ ಕೈಯೂ ಕಾಣುತ್ತದೆ.

‘ಟಿಪ್ ಆಫ್ ದಿ ಐಸ್‌ಬರ್ಗ್’ ಎಂಬುದು ಹೆಚ್ಚಳವನ್ನು ಸೂಚಿಸುವ ಮಾತೇ ಅಲ್ಲ. ಸಮುದ್ರದಲ್ಲಿ ತೇಲುವ ಮಂಜುಗಡ್ಡೆಯ ಬೆಟ್ಟದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರಿನೊಳಗೆ ಅಡಗಿರುತ್ತದೆ. ಕಣ್ಣಿಗೆ ಕಾಣುವ ನೊರೆಗಿಂತ ಕೆಳಗಿರುವ ಕೊಳಚೆಯೇ ದೊಡ್ಡದೆಂದು ತಿಳಿಸುವಾಗ ಈ ಮಾತು ಸರಿ. ನೊರೆಯು ನಿನ್ನೆಗಿಂತ ಇಂದು ಹೆಚ್ಚಿತೆನ್ನಲು ಸಲ್ಲದು.

‘ಔಟ್ ಆಫ್ ದಿ ಫ್ರೈಯಿಂಗ್ ಪ್ಯಾನ್ ಇಂಟು ದಿ ಫೈರ್’, ಅಂದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ ಎಂಬಲ್ಲಿ, ಒಂದು ಕಷ್ಟದಿಂದ ಪಾರಾಗಲು ಹೊರಟವನೊಬ್ಬ ಇರಲೇಬೇಕು. ಮಳೆಯಿಲ್ಲದೆ ಬೆಳೆ ಕಳೆದುಕೊಂಡ ರೈತನು ಸಾಲ ಮಾಡಿ ಕೊಳವೆಬಾವಿ ಕೊರೆಸಿ, ಅದರಲ್ಲಿಯೂ ನೀರು ಕಾಣದೆ ಹೋದರೆ ಈ ಮಾತು ತಕ್ಕುದಾಗುತ್ತದೆ. ಕೆರೆಯ ವಿಷಯದಲ್ಲಿ ಇದನ್ನು ಬಳಸಲಾಗದು. ಕೆರೆಯು ಎಲ್ಲಿಂದಲೂ ತಪ್ಪಿಸಿಕೊಳ್ಳಲು ಹೊರಟಿರಲಿಲ್ಲ.

ಕೇಳುವವರಿಗೆ ಒಟ್ಟು ಭಾವ ತಿಳಿದರೆ ಸಾಲದೆ ಎಂದು ಕೆಲವರು ವಾದಿಸಬಹುದು. ಸಾಲದು. ರೋಗದ ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಕೆರೆಯು ತಾನಾಗಿಯೇ ಹದಗೆಟ್ಟಿತೆಂಬಂತೆ ಮಾತನಾಡಿದರೆ ಕಸ ಸುರಿಯುವ ಕೈಯನ್ನು ತಡೆಯಬೇಕೆಂದು ಯಾರಿಗೂ ತೋರುವುದಿಲ್ಲ. ಬರದಿಂದ ಪಾರಾಗಲು ಹೆಣಗಿದ ರೈತನನ್ನು ಬೆಂಕಿಗೆ ತುಪ್ಪ ಸುರಿದವನೆಂದು ಕರೆದರೆ, ನೊಂದವನ ಮೇಲೆಯೇ ತಪ್ಪನ್ನು ಹೊರಿಸಿದಂತಾಗುತ್ತದೆ.

ಆದುದರಿಂದ ವಿದ್ಯಾರ್ಥಿಯು ಇಂತಹ ನುಡಿಗಟ್ಟನ್ನು ಬರೆಯುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಕೆಡುಕು ನಿಜವಾಗಿಯೂ ಹೆಚ್ಚಿದೆಯೇ ಅಥವಾ ಮರೆಯಲ್ಲಿದ್ದುದು ಈಗ ಕಂಡಿದೆಯೇ? ಹೆಚ್ಚಿದ್ದರೆ, ಅದನ್ನು ಹೆಚ್ಚಿಸಿದವರು ಯಾರು? ಪಾರಾಗುವ ಯತ್ನದಲ್ಲಿ ಅದು ಹೆಚ್ಚಿತೇ? ಉತ್ತರ ದೊರೆತ ಬಳಿಕ ತಕ್ಕ ಮಾತನ್ನು ಆರಿಸುವುದು ಕಷ್ಟವಲ್ಲ. ಇಂಗ್ಲಿಷಿಗೆ ಸಲ್ಲುವ ಈ ಎಚ್ಚರವು ಕನ್ನಡಕ್ಕೂ ಸಲ್ಲುತ್ತದೆ.