ಬೈಲಕುಪ್ಪೆಯ ಅಕ್ಕನಿಗೆ ವೇಮಗಲ್‌ನಲ್ಲಿ ಮನೆಯಿಲ್ಲ

ಕಳೆದ ಚಳಿಗಾಲದಲ್ಲಿ ಒಬ್ಬ ಹೆಂಗಸು ನಮ್ಮ ಮನೆಗೆ ಬಂದು, ಮಹಡಿಯ ಖಾಲಿ ಕೋಣೆ ಮೂರು ತಿಂಗಳ ಮಟ್ಟಿಗೆ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದರು. ಕೋಲಾರದಲ್ಲಿ ಸ್ವೆಟರ್ ಮಾರುವವರು, ವಯಸ್ಸು ಐವತ್ತರ ಆಸುಪಾಸು. "ಯಾವೂರಮ್ಮಾ?" ಎಂದೆ. "ಬೈಲಕುಪ್ಪೆ ಅಣ್ಣ, ಹುಟ್ಟಿದ್ದೇ ಅಲ್ಲಿ" ಎಂದರು. ತೆಲುಗು ಬೆರೆತ ನನ್ನ ಕನ್ನಡಕ್ಕಿಂತ ಅವರದೇ ಚೆನ್ನಾಗಿತ್ತು. "ಮನೇಲಿ ಕೇಳಿ ಹೇಳ್ತೀನಿ" ಎಂದೆ. ಕೇಳಲಿಲ್ಲ, ಹೇಳಲೂ ಇಲ್ಲ. ಇಲ್ಲ ಎನ್ನುವುದಕ್ಕೆ ನಮ್ಮಲ್ಲಿರುವ ಮರ್ಯಾದೆಯ ಮಾತು ಅದು. ಅವರಿಗೂ ಅದು ಅರ್ಥವಾಯಿತು.

"ಹೊರಗಿನವರು, ನಾಳೆ ಏನಾದರೂ ಆದರೆ?" ಎಂಬುದು ನನ್ನ ಸಮಜಾಯಿಷಿ. ಇದು ಎಷ್ಟು ಪೊಳ್ಳು ಎಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಟಿಬೆಟನ್ನರು ಗಡಿ ದಾಟಿ ಬಂದರು. ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟಿತು. ಕೊಟ್ಟದ್ದು ಕಾಡು. ಹಿಮದ ನಾಡಿನವರು ಆನೆ ಓಡಾಡುವ ಜಾಗದಲ್ಲಿ ಡೇರೆ ಹಾಕಿ, ಮರ ಕಡಿದು, ಮುಸುಕಿನ ಜೋಳ ಬೆಳೆದರು. ಸಹಕಾರ ಸಂಘ ಕಟ್ಟಿದರು, ಶಾಲೆ, ಆಸ್ಪತ್ರೆ ಕಟ್ಟಿದರು. ಇಂದು ಅಲ್ಲಿನ ಚಿನ್ನದ ದೇವಾಲಯ ನೋಡಲು ನಾವು ಬಸ್ಸು ಮಾಡಿಕೊಂಡು ಹೋಗುತ್ತೇವೆ. ಕುಶಾಲನಗರದ ಹೋಟೆಲು, ಆಟೊಗಳಿಗೆ ಅದರಿಂದ ಸಂಪಾದನೆ. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ಇಂಥದೇ ಊರುಗಳು ಎದ್ದವು. ಸಿಂಧನೂರು ತಾಲ್ಲೂಕಿನ ಆರ್‌.ಎಚ್‌. ಕ್ಯಾಂಪ್‌ಗಳಲ್ಲಿ ಪೂರ್ವ ಬಂಗಾಳದಿಂದ ಬಂದವರು ಭತ್ತ ಬೆಳೆದರು. ಪೌರತ್ವದ ಕಾಗದಕ್ಕಾಗಿ ಅವರಲ್ಲಿ ಅನೇಕರು ದಶಕಗಟ್ಟಲೆ ಅಲೆದರು.

ನಮ್ಮ ದೇಶದಲ್ಲಿ ನಿರಾಶ್ರಿತರಿಗೆಂದೇ ಒಂದು ಕಾನೂನಿಲ್ಲ. 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೂ ಭಾರತ ಸಹಿ ಹಾಕಿಲ್ಲ. ಆದರೆ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಮರುವರ್ಷ ಚುನಾವಣಾ ಆಯೋಗ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಅಂದರೆ ನಾನು ಹಿಂದಕ್ಕೆ ಕಳಿಸಿದ ಆ ಅಕ್ಕ ಕಾನೂನಿನ ಲೆಕ್ಕದಲ್ಲೂ ಹೊರಗಿನವರಲ್ಲ.

"ನಮ್ಮ ಹುಡುಗರಿಗೇ ಕೆಲಸವಿಲ್ಲ" ಎನ್ನುವವರಿದ್ದಾರೆ. ಅವರ ಸಂಕಟ ಸುಳ್ಳಲ್ಲ. ಕೈಗಾರಿಕಾ ಪ್ರದೇಶಕ್ಕೆ ಜಮೀನು ಹೋದ ಮನೆಯ ಹುಡುಗ ಗುತ್ತಿಗೆ ಕೆಲಸಕ್ಕೆ ನಿಂತಿರುವುದನ್ನು ದಿನವೂ ನೋಡುತ್ತೇನೆ. ಆದರೆ ಆ ಜಮೀನನ್ನು ಸ್ವೆಟರ್ ಮಾರುವವರು ಕೊಂಡಿಲ್ಲ, ಆ ಗುತ್ತಿಗೆಯ ಕಾಗದವನ್ನು ಅವರು ಬರೆದಿಲ್ಲ. ಕೇಳಬೇಕಾದವರನ್ನು ಕೇಳಲಾರದೆ ಬಾಗಿಲಿಗೆ ಬಂದವರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೇವೆ.

ನಾವು ಕೋಲಾರದವರು ಇದನ್ನು ಮರೆಯಲೇಬಾರದು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಜನ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಮಳೆಯಿಲ್ಲದ ವರ್ಷಗಳಲ್ಲಿ ನಾವೂ ಅದೇ ದಾರಿ ಹಿಡಿದವರು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಕಳಿಸಿದರೆ, 2018ರಿಂದ ಅದನ್ನೂ ಕೆರೆಗೆ ತುಂಬಿಸಿಕೊಂಡಿದ್ದೇವೆ. ಮನುಷ್ಯರ ವಿಚಾರ ಬಂದಾಗ ಮಾತ್ರ ನಮಗೆ ಮೂಲ ಕೇಳುವ ಚಾಳಿ.

ಇನ್ನೊಂದು ಮಾತು. ಅವರಿಂದ ನಮಗಾದ ಉಪಕಾರವನ್ನು ನೆನೆಯೋಣ, ಆದರೆ ಅದನ್ನು ಬಾಡಿಗೆಯ ಷರತ್ತು ಮಾಡುವುದು ಬೇಡ. ಬೈಲಕುಪ್ಪೆಗೆ ದುಡಿಯಬಲ್ಲವರಷ್ಟೇ ಬರಲಿಲ್ಲ. ಮುದುಕರು, ಕಾಯಿಲೆಯವರು, ಹಸುಗೂಸುಗಳೂ ಬಂದರು. ಲಾಭ ಎಣಿಸಿ ಕೊಟ್ಟ ನೆರಳನ್ನು ಆಶ್ರಯ ಎನ್ನಲಾಗುವುದಿಲ್ಲ.

ಚಳಿ ಮತ್ತೆ ಶುರುವಾಗಿದೆ. ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಆ ಅಕ್ಕ ಕೋಲಾರದಲ್ಲಿ ಕಂಡರೆ ನಾನೇ ಹೋಗಿ ಕೇಳುತ್ತೇನೆ. ನನ್ನ ಬೀದಿಯವರೇ, ನಿಮ್ಮ ಮನೆಗಳಲ್ಲೂ ಕೋಣೆಗಳು ಖಾಲಿ ಇವೆ.